ಅಡ್ಡ ನಿಲ್ಲುವ ಕೆಲಸ

ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ಓದುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಯಾರ ಮನೆಗೆ ಹೋಗಲಿ, ಸೀದಾ ಒಳಗೆ ನುಗ್ಗುವವಳಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಒಳಗೆ ಯಾರ್ಯಾರಿದ್ದಾರೆ, ನೆಂಟರೋ ನೆರೆಯವರೋ, ಬಂದು ಎಷ್ಟು ಹೊತ್ತಾಗಿರಬಹುದು, ನಾನು ಬರುವ ಮುಂಚೆ ನನ್ನ ವಿಷಯವನ್ನೇ ಆಡಿಕೊಳ್ಳುತ್ತಿದ್ದರೋ ಹೇಗೆ, ಇಷ್ಟನ್ನೂ ಚಪ್ಪಲಿಗಳಿಂದಲೇ ತಿಳಿದುಕೊಂಡು ಆಮೇಲೆ "ಏನ್ರೀ, ಇದ್ದೀರಾ?" ಎನ್ನುತ್ತೇನೆ. ನೀವು ನಗಬಹುದು. ನಿಮ್ಮ ಮನೆಗೆ ಬಂದಾಗಲೂ ಹಾಗೇ ಮಾಡಿದ್ದೇನೆ, ನಿಮಗೆ ಗೊತ್ತಾಗಿಲ್ಲ ಅಷ್ಟೆ.

ಹೋದ ವರ್ಷ ಒಂದು ಭಾನುವಾರ ತರಕಾರಿ ತೆಗೆದುಕೊಂಡು ಬಂದವಳು, ನಮ್ಮ ಮನೆಯ ಬಾಗಿಲಲ್ಲೇ ಒಂದು ಜೊತೆ ಬೂಟು ಕಂಡು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ನೀಲಿ ಬಣ್ಣ, ಕಿತ್ತಳೆ ದಾರ. ಉದ್ದ ಎಷ್ಟೆಂದರೆ, ಪಕ್ಕದಲ್ಲಿದ್ದ ನಮ್ಮಣ್ಣನ ಚಪ್ಪಲಿ ಆ ಬೂಟಿನ ಮಗುವಿನ ಹಾಗೆ ಕಾಣುತ್ತಿತ್ತು. ಇಷ್ಟು ದೊಡ್ಡ ಪಾದದ ಗಂಡಸು ಅರಸೀಕೆರೆಯಲ್ಲಿ ಇಲ್ಲ; ಇದ್ದಿದ್ದರೆ ನನಗೆ ಗೊತ್ತಿರುತ್ತಿತ್ತು. ಪೊಲೀಸರೇ ಇರಬೇಕು, ಕೊಬ್ಬರಿ ವ್ಯಾಪಾರದಲ್ಲಿ ನಮ್ಮಣ್ಣ ಏನೋ ಎಡವಟ್ಟು ಮಾಡಿಕೊಂಡಿದ್ದಾನೆ ಅಂದುಕೊಂಡೆ. ಚೀಲದಿಂದ ಸೋರೆಕಾಯಿಯನ್ನು ಹೊರಗೆ ತೆಗೆದು, ಬೇಕಾದರೆ ಇರಲಿ ಅಂತ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದೆ. ನೋಡಿದರೆ ನಡುಮನೆಯಲ್ಲಿ ಒಬ್ಬಳು ಹುಡುಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು.

ಮುಂದಕ್ಕೆ ಹೋಗುವ ಮೊದಲು ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಕೊಬ್ಬರಿಯ ಮನೆ. ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ನೋಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಕಾಯಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗಡಗಡ ಅಂದರೆ ಆಗಿದೆ, ಸುಮ್ಮನಿದ್ದರೆ ಇನ್ನೂ ಇಲ್ಲ. ಸಣ್ಣವರಿದ್ದಾಗ ಅಪ್ಪ ನನ್ನನ್ನೂ ಅಣ್ಣನನ್ನೂ ಅಟ್ಟ ಹತ್ತಿಸುತ್ತಿದ್ದರು. ನಾವು ಅಲ್ಲಾಡಿಸಿ "ಆಗಿದೆ ಅಪ್ಪ" ಎಂದು ಕೆಳಗೆ ಕೊಟ್ಟ ಒಂದೊಂದು ಕಾಯನ್ನೂ ಅವರು ತಮ್ಮ ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿಯೇ ಚೀಲಕ್ಕೆ ಹಾಕುತ್ತಿದ್ದರು. ಸ್ವಂತ ಮಕ್ಕಳನ್ನೂ ನಂಬದ ಮನೆಯಲ್ಲಿ ಬೆಳೆದವಳು ನಾನು. ಆಮೇಲೆ ಬೇಲೂರಿನಲ್ಲಿ ಗಣಿತದ ಮೇಷ್ಟರ ಕೆಲಸ ಸಿಕ್ಕಿತು. ಯಾವ ಮಗುವಾದರೂ ಸರಿ ಉತ್ತರ ಬರೆದರೆ ನನ್ನ ಬಾಯಿಂದ ಮೊದಲು ಬರುತ್ತಿದ್ದ ಮಾತು "ಯಾರದ್ದು ನೋಡಿ ಬರೆದೆ?" ಎಂಬುದು.

ಮದುವೆಯೂ ಹಾಗೇ ಆಯಿತು, ಅಂದರೆ ಆಗಲಿಲ್ಲ. ನೋಡಲು ಬಂದವರಲ್ಲಿ ಒಬ್ಬ ತುಂಬಾ ನಗುತ್ತಿದ್ದ, ಒಬ್ಬ ನಗಲೇ ಇಲ್ಲ, ಇನ್ನೊಬ್ಬ ಎಷ್ಟು ಬೇಕೋ ಅಷ್ಟೇ ನಕ್ಕ. ಎಲ್ಲರಿಗಿಂತ ಹೆಚ್ಚು ಅನುಮಾನ ಬಂದದ್ದು ಆ ಮೂರನೆಯವನ ಮೇಲೆ. ಈಗ ನಿವೃತ್ತಿಯಾಗಿ ಅರಸೀಕೆರೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಗ ಮಂಜುವಿನ ಜೊತೆ ಇದ್ದೇನೆ. ಮಂಜು ನಮ್ಮಣ್ಣನ ಕೊಬ್ಬರಿ ಅಂಗಡಿಯನ್ನು ನೋಡಿಕೊಳ್ಳುತ್ತಾನೆ. ಒಳ್ಳೆಯ ಹುಡುಗ, ಸ್ವಲ್ಪ ಕುಳ್ಳ. ಆ ಉಪ್ಪಿಟ್ಟು ತಿನ್ನುವ ಹುಡುಗಿಯನ್ನು ಕರೆದುಕೊಂಡು ಬಂದಿದ್ದವನು ಅವನೇ.

ನನ್ನನ್ನು ನೋಡಿ ಅವಳು ಎದ್ದು ನಿಂತಳು. ಎದ್ದಳು, ಇನ್ನೂ ಎದ್ದಳು, ಇನ್ನೂ ಎದ್ದಳು. ಕೊನೆಗೆ ತಲೆ ನಮ್ಮ ತೊಲೆಯ ಹತ್ತಿರ ಹೋಗಿ ನಿಂತಿತು. "ನಮಸ್ಕಾರ ಆಂಟಿ, ನಾನು ಯಶೋದ. ಹಳೇಬೀಡಿನ ಹತ್ರ ಮಾದಿಹಳ್ಳಿ" ಎಂದು ಬಗ್ಗಿ ಕಾಲು ಮುಟ್ಟಿದಳು. ಮುಟ್ಟುವಾಗ ಒಂದು ಕಾಲನ್ನು ಮಡಿಸದೆ ಹಿಂದಕ್ಕೆ ಚಾಚಿದ್ದು ಕಂಡು, ಜಂಬದ ಹುಡುಗಿ ಅಂದುಕೊಂಡೆ.

"ಏನ್ ಕೆಲಸ ಮಾಡ್ತೀಯಮ್ಮ?"

"ಬ್ಯಾಸ್ಕೆಟ್‌ಬಾಲ್ ಆಡ್ತೀನಿ ಆಂಟಿ."

"ಅದು ಸರಿ. ಕೆಲಸ?"

"ಅದೇ ಕೆಲಸ ಆಂಟಿ. ಸಂಬಳ ಕೊಡ್ತಾರೆ."

ಯಾವ ತಂಡ ಅಂದೆ. ಈಗ ಒಂದು ಸಿಮೆಂಟಿನವರ ತಂಡವಂತೆ. ಅದಕ್ಕೆ ಹಿಂದೆ ಬಿಸ್ಕತ್ತಿನವರು, ಅದಕ್ಕೂ ಹಿಂದೆ ಪೈಪಿನವರು. ನಡುವೆ ಒಂದು ವರ್ಷ ಯಾವುದೋ ಸಮುದ್ರದ ನಡುವಿನ ದ್ವೀಪದಲ್ಲಿ ಆಡಿದ್ದಳಂತೆ. ಕೆಲವು ತಂಡಗಳು ಇನ್ನೂ ಆಟ ಮುಗಿಯುವ ಮುಂಚೆಯೇ ಬಾಗಿಲು ಹಾಕಿದ್ದವಂತೆ. ಅಲ್ಲಾ, ಪೈಪು ಮಾರುವವರಿಗೆ ಹುಡುಗಿಯರ ಚೆಂಡಾಟದಿಂದ ಏನಾಗಬೇಕು ಹೇಳಿ? ಮಂಜು ಬೇರೆ ನಡುವೆ ಬಾಯಿ ಹಾಕಿ, ತಾವು ಪರಿಚಯವಾದದ್ದು ರೈಲಿನಲ್ಲಿ, ಬರ್ತಿನಿಂದ ಹೊರಗೆ ಚಾಚಿದ್ದ ಅವಳ ಕಾಲುಗಳಿಗೆ ತಾನು ಡಿಕ್ಕಿ ಹೊಡೆದು ಬಿದ್ದೆ ಎಂದು ಹೆಮ್ಮೆಯಿಂದ ಹೇಳಿದ. ಅವಳ ಬ್ಯಾಗಿನಲ್ಲಿ ಒಂದು ಚೆಂಡಿತ್ತು. ನನಗೆ ಕೈ ಸುಮ್ಮನಿರಲಿಲ್ಲ. ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಚೆನ್ನಾಗಿ ಅಲ್ಲಾಡಿಸಿದೆ.

"ಒಳಗೇನೂ ಇಲ್ವಲ್ಲಮ್ಮ?"

"ಗಾಳಿ ಇರುತ್ತೆ ಆಂಟಿ."

"ಗಾಳಿಗೆ ಸಂಬಳ ಕೊಡ್ತಾರೇನೇ?"

ಅವಳು ಜೋರಾಗಿ ನಕ್ಕಳು. ಬೇಜಾರಾಗಲಿಲ್ಲ ಅವಳಿಗೆ. ಬೇಜಾರಾಗಬೇಕಾದಲ್ಲಿ ಆಗದವರನ್ನು ಕಂಡರೆ ನನಗೆ ಇನ್ನೂ ಅನುಮಾನ.

ಅವಳು ಹೋದ ಮೇಲೆ ಅತ್ತಿಗೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. "ನಮ್ ಹುಡುಗನ್ನ ಚೆನ್ನಾಗಿ ಬುಟ್ಟಿಗೆ ಹಾಕ್ಕೊಂಡವಳೆ ಕಣೇ ಗೌರಿ. ಮದುವೆ ಅಂದ್ರೆ ಇವಳೇ ಅಂತ ಕೂತವ್ನೆ. ನೀನು ಹೋಗಿ ವಿಚಾರಿಸ್ಕೊಂಡ್ ಬಾ. ನೀನು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ" ಎಂದಳು. ಮಂಜುವೂ ಅದಕ್ಕೆ ಒಪ್ಪಿದ. ಅವನ ಬಾಳು ನನ್ನ ಒಂದು ಮಾತಿನ ಮೇಲೆ ನಿಂತಿತು ನೋಡಿ.

ನಮ್ಮ ಬಳಗದಲ್ಲಿ ಯಾವ ಸಂಬಂಧವಾದರೂ ವಿಚಾರಣೆಗೆ ಕಳಿಸುವುದು ನನ್ನನ್ನೇ. ಅದೊಂದು ವಿದ್ಯೆ. ನಮ್ಮ ಕಡೆ ಯಾರೂ ಇನ್ನೊಬ್ಬರ ಮಕ್ಕಳ ಮದುವೆಗೆ ಕಲ್ಲು ಹಾಕುವ ಪಾಪ ಕಟ್ಟಿಕೊಳ್ಳುವುದಿಲ್ಲ. ಕೆಟ್ಟದ್ದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. "ಹುಡುಗಿ ತುಂಬಾ ಚುರುಕು" ಅಂದರೆ ಬಾಯಿ ಜೋರು. "ಹುಡುಗ ತುಂಬಾ ಸಾಧು" ಅಂದರೆ ಕೆಲಸಕ್ಕೆ ಹೋಗುವುದಿಲ್ಲ. "ನಮಗೂ ಅವರಿಗೂ ಅಷ್ಟು ಬಳಕೆ ಇಲ್ಲ ಕಣ್ರೀ" ಅಂತ ಪಕ್ಕದ ಮನೆಯವರೇ ಅಂದರೆ ಅಲ್ಲಿಂದ ಕಾಫಿ ಕುಡಿಯದೆ ಎದ್ದು ಬರಬೇಕು. ಇದನ್ನೆಲ್ಲ ಬಿಡಿಸಿ ತಿಳಿಯುವುದರಲ್ಲಿ ನನ್ನನ್ನು ಮೀರಿಸುವವರು ಬೇಲೂರು ಅರಸೀಕೆರೆ ಎರಡೂ ತಾಲ್ಲೂಕಿನಲ್ಲಿ ಇಲ್ಲ ಅಂತ ನಾನೇ ಹೇಳಿಕೊಂಡರೆ ತಪ್ಪಾಗಲಾರದು.

ಆದರೆ ಮಾದಿಹಳ್ಳಿಯಲ್ಲಿ ನನ್ನ ವಿದ್ಯೆ ಕೈಕೊಟ್ಟಿತು. ಬಸ್ಸಿಳಿದು ಹೋಟೆಲಿನವನನ್ನು ಕೇಳಿದರೆ, "ಆ ಉದ್ದದ ಹುಡ್ಗೀನಾ? ರೈಲ್ವೇಲಿ ಕೆಲ್ಸ ಮಾಡ್ತಾಳಂತೆ ಕಣ್ರವ್ವ" ಎಂದ. ಡೈರಿಗೆ ಹಾಲು ಹಾಕಲು ಬಂದಿದ್ದ ಹೆಂಗಸು, "ರೈಲ್ವೇ ಎಲ್ ಬಂತು? ಪೊಲೀಸ್ನಾಗೆ ಐತೆ ಆ ಮಗ. ಅಷ್ಟುದ್ದ ಇರೋರ್ನ ಬ್ಯಾರೆ ಯಾವುದಕ್ಕೆ ತಗಂತಾರೆ?" ಅಂದಳು. ಅಲ್ಲೇ ಸೈಕಲ್ಲಿಗೆ ಒರಗಿ ನಿಂತಿದ್ದವನು, "ಇಬ್ರೂ ಬುಡಿ, ದುಬೈನಾಗೆ ಯಾರೋ ಸಾವ್ಕಾರ್ರ ಮನೆ ಕೂಸು ನೋಡ್ಕಂತಾಳೆ" ಎಂದು ತೀರ್ಪು ಕೊಟ್ಟ. ಒಬ್ಬರ ಮಾತಿನಲ್ಲೂ ಒಳಗೊಂದು ಹೊರಗೊಂದು ಇರಲಿಲ್ಲ. ಹುಟ್ಟಿದೂರಿನಲ್ಲಿ ಯಾರಿಗೂ ಅವಳ ವಿಷಯ ಏನೇನೂ ಗೊತ್ತಿರಲಿಲ್ಲ.

ಮನೆಗೇ ಹೋದೆ. ತಂದೆ ಹಳೇಬೀಡಿನ ಶಾಲೆಯಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡಿದ್ದಾರೆ. ತಾಯಿ ಲಕ್ಷ್ಮಮ್ಮ ಎರಡು ಹಸು ಕಟ್ಟಿಕೊಂಡು ಇದ್ದಾರೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದೇ ಒಂದು ಫೋಟೋ. ಆಟದ ಅಂಗಿ ತೊಟ್ಟ ಯಶೋದ ಬೆನ್ನು ತೋರಿಸಿಕೊಂಡು ಕೈ ಮೇಲೆತ್ತಿ ನಿಂತಿದ್ದಾಳೆ. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ಹೆಸರಿದೆ. ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು ಓದಿದೆ. ಯಶೋದ ಅಂತ ಇರಲಿಲ್ಲ. ಯಾವುದೋ ಪರದೇಶದ ಹೆಂಗಸಿನ ಹೆಸರು, ನನ್ನ ನಾಲಿಗೆಗೆ ಹೊರಳದಂಥದ್ದು. ಸಿಕ್ಕಿಬಿದ್ದಳು ಅಂದುಕೊಂಡೆ. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಸಂತೋಷವೇ ಆಯಿತು.

"ಇದು ಯಾರ ಹೆಸರಮ್ಮ?" ಎಂದು ಕಾಫಿ ತಂದ ಯಶೋದಳನ್ನು ಕೇಳಿದೆ, ತುಂಬಾ ಮೆತ್ತಗೆ.

"ಅದಾ ಆಂಟಿ? ಆ ದ್ವೀಪದಲ್ಲಿ ಆಡ್ದಾಗಿಂದು. ನನ್ನಳತೆ ಅಂಗಿ ಅವರತ್ರ ಒಂದೇ ಇತ್ತು. ನನಗಿಂತ ಮುಂಚೆ ಇದ್ದೋಳು ಅರ್ಧಕ್ಕೇ ಬಿಟ್ಟುಹೋಗಿದ್ಲು, ಅವಳ್ದು. ಅದನ್ನೇ ಕೊಟ್ರು. ಪೇಪರ್ನಲ್ಲಿ ಬಂದಿದ್ದೂ ಅವಳ ಹೆಸರೇ."

"ಬಿಚ್ಚಿ ಬೇರೆ ಹೊಲಿಸಬಾರದಿತ್ತೇನೇ?"

"ಕೇಳ್ದೆ. ಮುಂದಿನ್ ಸೀಸನ್ ನೋಡೋಣ ಅಂದ್ರು. ಮುಂದಿನ್ ಸೀಸನ್‌ಗೆ ಆ ಟೀಮೇ ಇರ್ಲಿಲ್ಲ."

ಸುಳ್ಳು ಹೇಳುವವರು ಇಷ್ಟು ಬಡ ಸುಳ್ಳು ಹೇಳುವುದಿಲ್ಲ ಎಂದು ನನ್ನ ಅನುಭವ. ಆದರೆ ನನ್ನ ಅನುಭವ ಬಲ್ಲವರು ಯಾರೋ ಇವಳಿಗೆ ಹೇಳಿಕೊಟ್ಟಿರಬಹುದಲ್ಲ? ಲಕ್ಷ್ಮಮ್ಮನವರನ್ನು ಕೊಟ್ಟಿಗೆಯ ಹತ್ತಿರ ಹಿಡಿದೆ. "ನೀವು ಅವಳ ಆಟ ನೋಡಿದ್ದೀರಾ?" ಎಂದೆ. "ಎಲ್ಲಿ ನೋಡ್ಲಿ ಕಣ್ರವ್ವ, ಟೀವೀಲಿ ಬರಾಕಿಲ್ಲ. ಬಂದಾಗೆಲ್ಲ ಒಂದ್ ಮೂಟೆ ಬಟ್ಟೆ ತತ್ತಾಳೆ, ಒಗೀತೀನಿ. ಆ ಬೆವರು ನೋಡಿದ್ರೆ ಏನೋ ಗೇಯ್ಮೆ ಮಾಡ್ತಾಳೆ ಅಂತ ಗೊತ್ತಾಯ್ತದೆ" ಎಂದರು. ಹಸು ನನ್ನ ಸೆರಗು ಜಗಿಯಲು ಶುರುಮಾಡಿತು, ಅಲ್ಲಿಗೆ ನನ್ನ ವಿಚಾರಣೆ ನಿಂತಿತು.

ಉಳಿದದ್ದು ಒಂದೇ ದಾರಿ, ಕಣ್ಣಾರೆ ನೋಡುವುದು. ಹಾಸನದಲ್ಲಿ ಅವಳ ಹಳೆಯ ಗೆಳತಿಯರೆಲ್ಲ ಸೇರಿ ಒಂದು ಪಂದ್ಯ ಇಟ್ಟುಕೊಂಡಿದ್ದಾರೆ ಎಂದು ತಿಳಿದು, ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ, ಸಿಮೆಂಟಿನ ಮೆಟ್ಟಿಲ ಮೇಲೆ ಛತ್ರಿ ಬಿಚ್ಚಿ ಕೂತೆ. ಆಟ ಶುರುವಾಯಿತು. ಹುಡುಗಿಯರು ಜಿಂಕೆಗಳ ಹಾಗೆ ಓಡುತ್ತಾರೆ, ಚೆಂಡು ಪುಟಿಸುತ್ತಾರೆ, ನೆಗೆದು ಬುಟ್ಟಿಗೆ ಹಾಕುತ್ತಾರೆ. ನಮ್ಮ ಯಶೋದ? ಎಲ್ಲರಿಗಿಂತ ಉದ್ದ ಇರುವವಳು, ಕೈ ಚಾಚಿದರೆ ಬುಟ್ಟಿ ಸಿಗುವಂಥವಳು, ಒಂದು ಸಲವೂ ಬುಟ್ಟಿಯ ಕಡೆ ಚೆಂಡೆಸೆಯಲಿಲ್ಲ. ಅಲ್ಲಿ ಹೋಗಿ ನಿಲ್ಲುತ್ತಾಳೆ, ಇಲ್ಲಿ ಬಂದು ನಿಲ್ಲುತ್ತಾಳೆ. ಎದೆಯ ಮೇಲೆ ಕೈ ಕಟ್ಟಿಕೊಂಡು, ರಸ್ತೆ ನಡುವೆ ಎಮ್ಮೆ ನಿಂತ ಹಾಗೆ. ಯಾರೋ ಓಡಿ ಬಂದು ಅವಳಿಗೆ ದಡಾರನೆ ಬಡಿಯುತ್ತಾರೆ. ಇವಳು ಅಲ್ಲಾಡುವುದಿಲ್ಲ. ಅಷ್ಟೇ. ಪಂದ್ಯ ಮುಗಿಯಿತು, ಎಲ್ಲರೂ ಚಪ್ಪಾಳೆ ಹೊಡೆದದ್ದು ಇನ್ನೊಬ್ಬ ಹುಡುಗಿಗೆ.

ಸಂಬಳ ತೆಗೆದುಕೊಂಡು ಆಟವನ್ನೇ ಆಡದ ಆಟಗಾರ್ತಿ! ಕ್ಯಾಂಟೀನಿನಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು, ಕಾಪಿ ಹೊಡೆದ ಹುಡುಗಿಯನ್ನು ಕೇಳುವ ದನಿಯಲ್ಲಿ ಕೇಳಿದೆ. "ಯಾಕೆ ಒಂದು ಸಲವೂ ಹಾಕಲಿಲ್ಲ?"

"ನನ್ ಕೆಲಸ ಹಾಕೋದಲ್ಲ ಆಂಟಿ. ಅಡ್ಡ ನಿಲ್ಲೋದು."

ಮೇಜಿನ ಮೇಲಿದ್ದ ನೀರಿನ ಲೋಟಗಳನ್ನೂ ಚೊಂಬನ್ನೂ ಎಳೆದುಕೊಂಡು ತೋರಿಸಿದಳು. ಈ ಲೋಟ ನಮ್ಮ ಹುಡುಗಿ, ಚೆಂಡು ಇವಳ ಹತ್ತಿರ ಇದೆ. ಈ ಲೋಟ ಅವಳನ್ನು ಅಟ್ಟಿಸಿಕೊಂಡು ಬರುವವಳು. ನಡುವೆ ಬಂದು ನಿಲ್ಲುವ ಈ ಚೊಂಬು ನಾನು. ಅಟ್ಟಿಸಿಕೊಂಡು ಬಂದವಳು ನನಗೆ ಬಡಿದು ನಿಲ್ಲುತ್ತಾಳೆ, ಅಷ್ಟರಲ್ಲಿ ನಮ್ಮವಳು ಬಿಡಿಸಿಕೊಂಡು ಹೋಗಿ ಬುಟ್ಟಿಗೆ ಹಾಕುತ್ತಾಳೆ.

"ಹಾಗೆ ಬಡಿದ್ರೆ ನೋವಾಗಲ್ವೇನೇ?"

"ಆಗುತ್ತೆ. ಅಲ್ಲಾಡಬಾರದು. ಅಲ್ಲಾಡಿದ್ರೆ ತಪ್ಪು ನಮ್ದೇ ಅಂತ ಸೀಟಿ ಊದ್ತಾರೆ."

"ಹಾಕಿದವಳಿಗೆ ಅಂಕ. ಅಡ್ಡ ನಿಂತೋಳಿಗೆ?"

"ಅದಕ್ಕೆ ಲೆಕ್ಕ ಇಡೋದಿಲ್ಲ ಆಂಟಿ. ನಂಗೆ ಯಾರೂ ಚಪ್ಪಾಳೆ ಹೊಡ್ದಿಲ್ಲ, ಹೊಡೀಬೇಕು ಅಂತಾನೂ ಇಲ್ಲ. ಒಂದೇ ಒಂದ್ ಆಸೆ. ಇಷ್ಟು ವರ್ಷ ಆಡಿದೀನಿ, ಆಡಿಸಿದೋರು ಒಬ್ರಾದ್ರೂ, ಯಶೋದ, ನೀನು ಚೆನ್ನಾಗ್ ನಿಂತೆ ಅಂದ್ರೆ ಸಾಕು. ಈ ಸೀಸನ್ನಲ್ಲಾದ್ರೂ ಅಂತಾರೇನೋ."

ಗಣಿತ ಹೇಳಿಕೊಟ್ಟವಳಿಗೆ ಲೆಕ್ಕಕ್ಕೇ ಬಾರದ ಈ ದುಡಿಮೆಯನ್ನು ಎಲ್ಲಿ ಸೇರಿಸಬೇಕೋ ತಿಳಿಯಲಿಲ್ಲ. ನನಗೆ ಈ ಹುಡುಗಿ ಇಷ್ಟವಾಗುತ್ತಿದ್ದಾಳೆ ಎಂಬ ಅನುಮಾನ ಮೊದಲು ಬಂದದ್ದು ಆಗ. ಅದಕ್ಕೇ ಇನ್ನೊಂದು ಸಲ ಪರೀಕ್ಷೆ ಮಾಡಿಬಿಡೋಣ ಎಂದು, ಮುಂದಿನ ವಾರ ಹಳೇಬೀಡಿನ ದೇವಸ್ಥಾನಕ್ಕೆ ಜೊತೆಗೆ ಬಾ ಎಂದು ಕರೆದೆ. ಮನುಷ್ಯರ ಜೊತೆ ಅರ್ಧ ದಿನ ಸುತ್ತಿದರೆ ಏನಾದರೂ ಒಂದು ಹೊರಗೆ ಬಂದೇ ಬರುತ್ತದೆ.

ಬಂದದ್ದು ಇದು. ಅಲ್ಲಿ ಗುಡಿಯ ಸುತ್ತಲಿನ ಜಗಲಿಗೆ ಹತ್ತಲು ಎತ್ತರದ ಕಲ್ಲಿನ ಮೆಟ್ಟಿಲುಗಳಿವೆ. ನನ್ನ ಮಂಡಿಗಳ ಯೋಗ್ಯತೆ ನಿಮಗೆ ಗೊತ್ತೇ ಇದೆ. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು ಮುಂದೆ, ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಕೂಡಿಸಿ ಎಂದು ಡಾಕ್ಟರು ಹೇಳಿಕೊಟ್ಟ ಪಾಠವನ್ನು ಒಪ್ಪಿಸುತ್ತಾ ನಾನು ಹತ್ತಿದೆ. ಹಿಂದಿರುಗಿ ನೋಡಿದರೆ ಯಶೋದಳೂ ಅದೇ ಪಾಠ ಒಪ್ಪಿಸುತ್ತಿದ್ದಾಳೆ! ಫೋನು ನೋಡುವ ಹಾಗೆ ನಟಿಸಿಕೊಂಡು ಬಲಗಾಲು ಇಟ್ಟು, ಎಡಗಾಲನ್ನು ಎಳೆದು ಅದರ ಪಕ್ಕ ಇಡುತ್ತಾಳೆ. ಸಂಬಳ, ಹೆಸರು, ಊರು, ಎಲ್ಲ ವಿಷಯದಲ್ಲೂ ನನಗೆ ಮೋಸ ಮಾಡಬಹುದು. ಮಂಡಿ ನೋವಿನ ವಿಷಯದಲ್ಲಿ ಆಗುವುದಿಲ್ಲ. ಅವತ್ತು ಕಾಲು ಮುಟ್ಟುವಾಗ ಹಿಂದಕ್ಕೆ ಚಾಚಿದ್ದು ಜಂಬದ ಕಾಲಲ್ಲ ಎಂದು ಆಗ ತಿಳಿಯಿತು.

"ಎಷ್ಟು ದಿವಸದಿಂದ?" ಎಂದೆ.

ಅವಳ ಮುಖ ಬಿಳಿಚಿಕೊಂಡಿತು. "ಏನು ಆಂಟಿ?"

"ಎಡಗಾಲು ಕಣೇ. ನನ್ನ ಹತ್ರ ಆಟ ಆಡ್ಬೇಡ."

ಆಗಲೇ ಯಾರೋ ಪ್ರವಾಸಿಗರು ಬಂದು, "ಎಷ್ಟ್ ಹೈಟ್ ಇದೀರ ಮೇಡಂ? ಒಂದ್ ಸೆಲ್ಫಿ" ಎಂದರು. ನಗುತ್ತಾ ನಿಂತುಕೊಟ್ಟಳು. ಅವರು ಹೋದ ಮೇಲೆ ಕಲ್ಲಿನ ಮೇಲೆ ಎಡಗಾಲು ಚಾಚಿ ಕೂತುಕೊಂಡು ಎಲ್ಲ ಹೇಳಿದಳು. ಮಂಡಿ ಒಳಗೆ ಹರಿದಿದೆ. ಇನ್ನೊಂದು ಬಲವಾದ ಏಟು ಬಿದ್ದರೆ ಓಡುವುದಿರಲಿ, ನಡೆಯುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ತಂಡದವರಿಗೆ ಗೊತ್ತಿಲ್ಲ. ಮುಂದಿನ ತಿಂಗಳು ಬರಲು ಹೇಳಿದ್ದಾರೆ, ಗೊತ್ತಾದರೆ ಅವತ್ತೇ ಬೇರೆಯವರನ್ನು ಹುಡುಕುತ್ತಾರೆ.

"ಇದೊಂದ್ ಸೀಸನ್ ಆಂಟಿ. ಕೈ ಮುಗೀತೀನಿ. ಯಾರಿಗೂ ಹೇಳ್ಬೇಡಿ, ಮಂಜುಗಂತೂ ಬೇಡವೇ ಬೇಡ. ಅವನು ಮಾರ್ಕೆಟ್ಟಲ್ಲೆಲ್ಲ ನಮ್ಮುಡುಗಿ ಪ್ಲೇಯರ್ ಅಂತ ಹೇಳ್ಕೊಂಡ್ ತಿರುಗ್ತಾನೆ. ಆಟ ಹೋದ್ರೆ ನಾನ್ ಯಾರು ಹೇಳಿ? ಬರೀ ಉದ್ದ ಇರೋ ಹುಡುಗಿ. ಈಗ ಬಂದ್ರಲ್ಲ, ಅಂಥೋರ ಜೊತೆ ಫೋಟೋಗೆ ನಿಲ್ಲೋದೊಂದೇ ಕೆಲಸ."

ಇಷ್ಟು ದಿನ ಹುಡುಕುತ್ತಿದ್ದದ್ದು ಸಿಕ್ಕಿತ್ತು. ಅತ್ತಿಗೆಗೆ ಒಂದು ಮಾತು ಹೇಳಿದರೆ ಮದುವೆ ಅಲ್ಲಿಗೇ ನಿಲ್ಲುತ್ತದೆ. ಸುಮ್ಮನಿದ್ದರೆ ಈ ಹುಚ್ಚು ಹುಡುಗಿ ಹೋಗಿ ಕಾಲು ಕಳೆದುಕೊಳ್ಳುತ್ತಾಳೆ. ಬಸ್ಸಿನಲ್ಲಿ ಅರಸೀಕೆರೆಯವರೆಗೂ ಅದೇ ಯೋಚನೆ. ಬಾಣಾವರ ದಾಟುವ ಹೊತ್ತಿಗೆ ನನ್ನ ಅನುಮಾನ ಜಾಗ ಬದಲಾಯಿಸಿ ನಮ್ಮ ಮಂಜುವಿನ ಮೇಲೆ ಹೋಗಿ ಕೂತಿತು. ಇಷ್ಟು ದಿನ ಹುಡುಗಿಯನ್ನೇ ವಿಚಾರಿಸಿದೆನಲ್ಲ, ನಮ್ಮ ಹುಡುಗ ಎಂಥವನು? ಅವನಿಗೆ ಬೇಕಾದದ್ದು ಯಶೋದಳೋ, ಮಾರ್ಕೆಟ್ಟಿನಲ್ಲಿ ಹೇಳಿಕೊಳ್ಳಲು ಒಬ್ಬ ಪ್ಲೇಯರೋ?

ಸೀದಾ ಅಂಗಡಿಗೇ ಹೋದೆ. ಕೊಬ್ಬರಿ ಚೀಲದ ಬಾಯಿ ಹೊಲಿಯುತ್ತಿದ್ದ. "ಮಂಜು, ಅವಳು ನಾಳೆ ಆಟ ಬಿಟ್ಟುಬಿಟ್ರೆ ಏನ್ ಮಾಡ್ತೀಯೋ?" ಎಂದೆ.

ಅವನು ದಬ್ಬಳ ಕೆಳಗಿಟ್ಟ. "ಮಂಡಿ ವಿಷಯಾನಾ ಅತ್ತೆ?"

ನಾನು ಪಕ್ಕದ ಚೀಲದ ಮೇಲೆ ಕೂತೆ. "ನಿಂಗೊತ್ತಾ? ಅವಳೇ ಹೇಳಿದ್ಲಾ?"

"ಎಲ್ ಹೇಳ್ತಾಳೆ? ರೈಲ್ವೆ ಸ್ಟೇಷನ್ ಮೇಲ್ಸೇತುವೆ ಹತ್ತೋವಾಗೆಲ್ಲ ಅವಳಿಗೆ ಫೋನ್ ಬರುತ್ತೆ. ಹತ್ತೋದು, ನಿಲ್ಲೋದು, ಮಾತಾಡೋದು. ಸೇತುವೆ ಮೇಲೇ ಯಾಕ್ ಬರುತ್ತೆ ಅತ್ತೆ ಅಷ್ಟು ಫೋನು?"

ಅಂತೂ ನಮ್ಮ ಮನೆಯ ಹುಡುಗನೇ ಎಂದು ನನಗೆ ಹೆಮ್ಮೆಯಾಯಿತು. "ಮತ್ತೆ ಕೇಳೋದಲ್ವೇನೋ?" ಎಂದೆ. "ಕೇಳಿದ್ರೆ ಅವಳು ಸುಳ್ಳು ಹೇಳ್ಬೇಕಾಗುತ್ತೆ. ಯಾಕ್ ಹೇಳಿಸ್ಲಿ? ಅವಳಾಗೇ ಹೇಳ್ಲಿ ಅಂತ ಕಾಯ್ತಿದೀನಿ. ಆದ್ರೆ ಅತ್ತೆ, ಮುಂದಿನ್ ತಿಂಗಳು ಹೊರಟೇಬಿಡ್ತಾಳೆ, ನಂಗೆ ನಿದ್ದೆ ಬರ್ತಿಲ್ಲ" ಎನ್ನುವಾಗ ಅವನ ಕಣ್ಣು ತುಂಬಿತ್ತು.

ಮನೆಗೆ ಹೋದರೆ ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾಯ್ತೇ?" ಎಂದಳು. "ನನಗೇನೂ ಅನುಮಾನ ಇಲ್ಲ. ಮದುವೆ ಮಾಡಿ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಣೆ ಮುಟ್ಟಿ ನೋಡಿ, "ಅಯ್ಯೋ ಶಿವನೇ, ಅಲ್ಲಿ ಏನ್ ತಿನ್ಸಿದ್ರೇ ನಿಂಗೆ?" ಎಂದಳು.

ಮರುದಿನವೇ ಮಂಜುವನ್ನು ಕರೆದುಕೊಂಡು ಮಾದಿಹಳ್ಳಿಗೆ ಹೋದೆ. ಕೊಟ್ಟ ಮಾತು ತಪ್ಪಿದೆ ಅಂತ ನೀವು ಅನ್ನಬಹುದು, ಅನ್ನಿ. ನಾನು ಮಾತೇ ಕೊಟ್ಟಿರಲಿಲ್ಲ, ಅವಳು ಕೈ ಮುಗಿದಿದ್ದಳು ಅಷ್ಟೆ. ಅಂಗಳದ ಕಲ್ಲಿನ ಮೇಲೆ ಇಬ್ಬರನ್ನೂ ಎದುರು ಬದುರು ಕೂರಿಸಿ, "ಇವಳ ಮಂಡಿ ಹೋಗಿದೆ, ಅದು ಇವನಿಗೆ ಗೊತ್ತಿದೆ. ಈಗ ಮಾತಾಡಿ" ಎಂದೆ.

ಯಶೋದ ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ಅವನ ಕಡೆ ತಿರುಗಿ, "ಗೊತ್ತಿದ್ದೂ ಸುಮ್ನಿದ್ಯಾ? ಆಡದೇ ಇರೋಳನ್ನ ಕಟ್ಕೊಂಡು ಏನ್ ಮಾಡ್ತೀಯ ನೀನು?" ಎಂದು ಗದರಿದಳು.

"ನೀನು ಆಡೋದು ನಾನೆಲ್ಲಿ ನೋಡಿದೀನಿ ಮಾರಾಯ್ತಿ, ಒಂದ್ ಮ್ಯಾಚಿಗೂ ಬರಬೇಡ ಅಂತೀಯ" ಎಂದ ಮಂಜು. "ನಂಗೆ ನೀನಿದ್ರೆ ಸಾಕು. ಆ ಕಾಲು ಇನ್ನೂ ಅರವತ್ತು ವರ್ಷ ನನ್ ಜೊತೆ ನಡೀಬೇಕು ಕಣೇ."

ಅವಳು ತುಂಬಾ ಹೊತ್ತು ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಫೋನು ತೆಗೆದುಕೊಂಡು ತಂಡದ ಮ್ಯಾನೇಜರಿಗೆ ತಾನೇ ಮಾಡಿದಳು. ಅವನೊಂದಿಗೆ ಏನೇನು ಮಾತಾಡಿದಳೋ, ನನಗೆ ಕೇಳಿಸಿದ್ದು ಡಾಕ್ಟರುಗಳು ಮಂಡಿಗೆ ಅನ್ನುವ 'ನೀ' ಎಂಬ ಒಂದು ಶಬ್ದ, ಆಮೇಲೆ 'ಸಾರಿ ಸರ್'. ಲಕ್ಷ್ಮಮ್ಮ ಕೊಟ್ಟ ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು, ಎಲ್ಲ ಮುಗಿದೇ ಹೋಯಿತು. ಹದಿಮೂರನೇ ವಯಸ್ಸಿಗೆ ಮನೆ ಬಿಟ್ಟು ಕ್ರೀಡಾ ಹಾಸ್ಟೆಲ್ ಸೇರಿದವಳ ಆಟ ಅಷ್ಟಕ್ಕೇ ಮುಗಿಯಿತು. ಅವಳು ಫೋನು ಕಿವಿಯಿಂದ ತೆಗೆಯದೆ ಇನ್ನೂ ಏನೋ ಕೇಳಲು ಕಾಯುತ್ತಾ ನಿಂತಿದ್ದಳು. ಯಾವುದಕ್ಕೆ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿಬಿಟ್ಟಿತು. ಫೋನು ಕಿತ್ತುಕೊಂಡೆ. "ಏನ್ರೀ, ಮನುಷ್ಯರೇನ್ರೀ ನೀವು? ಇಷ್ಟು ವರ್ಷ ನಿಮಗೋಸ್ಕರ ಮೈಯೊಡ್ಡಿ ನಿಂತಿದಾಳೆ, ಕಾಲು ಕಳ್ಕೊಂಡಿದಾಳೆ ಹುಡುಗಿ. ಚೆನ್ನಾಗಿ ಆಡಿದೆ ತಾಯಿ ಅಂತ ಒಂದು ಮಾತು ಆಡಿದ್ರೆ ನಿಮ್ಮ ಗಂಟೇನ್ ಹೋಗುತ್ತೆ? ಹೇಳ್ರೀ ಈಗ!" ಎಂದು ಬಾಯಿಗೆ ಬಂದಂತೆ ಬೈದೆ. ಆ ಕಡೆಯಿಂದ "ಹಲೋ? ಹಲೋ?" ಅಂದಿತು. ಆಮೇಲೆ ಟಕ್ ಎಂದು ಕಟ್ಟಾಯಿತು.

ಯಶೋದ ನನ್ನ ಮುಖವನ್ನೇ ನೋಡುತ್ತಿದ್ದಳು. ಸತ್ತ ಫೋನನ್ನು ಕಿವಿಯಿಂದ ತೆಗೆಯಲು ನನಗೆ ಆಗಲಿಲ್ಲ. "ಹೂಂ" ಎಂದೆ. "ಹೌದಾ? ಹಾಗಾ? ಸರಿ ಸರಿ, ಹೇಳ್ತೀನಿ" ಎಂದೆ. ಇನ್ನೂ ಸ್ವಲ್ಪ ಹೊತ್ತು ಹೂಂಗುಟ್ಟಿ ಫೋನು ಕೊಟ್ಟೆ.

"ಏನಂದ್ರು?" ಎಂದಳು.

"ನೀನು ಅಡ್ಡ ನಿಂತಿದ್ದಕ್ಕೇ ಅವರ ಹುಡುಗಿಯರೆಲ್ಲ ಬುಟ್ಟಿಗೆ ಹಾಕಿದ್ದಂತೆ. ಅದು ಅವರಿಗೆಲ್ಲ ಗೊತ್ತಿತ್ತಂತೆ, ನಿನ್ನ ಹತ್ರ ಹೇಳಿರಲಿಲ್ಲ ಅಷ್ಟೇ ಅಂತೆ. ನಿನ್ನಷ್ಟು ಚೆನ್ನಾಗಿ ನಿಲ್ಲೋರು ಇನ್ನೊಬ್ಬರು ಸಿಗಲ್ಲ ಅಂದ್ರು."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಜೀವಮಾನವಿಡೀ ನಾನು ಲೋಕವನ್ನು ನೋಡಿದ್ದು ಅದೇ ಕಣ್ಣಿನಲ್ಲಿ. ಎದುರಿಗೆ ನಿಂತರೆ ಎಷ್ಟು ಹೆದರಿಕೆಯಾಗುತ್ತದೆ ಎಂದು ನನಗೆ ತಿಳಿದಿರಲೇ ಇಲ್ಲ.

"ನಂಬು ಕಣೇ" ಎಂದೆ.

"ಅವರಿಗೆ ಕನ್ನಡ ಬರಲ್ಲ ಅತ್ತೆ."

ಮಂಜು ಹಸುವಿನ ಕಡೆ ತಿರುಗಿಕೊಂಡ. ನಾನು ಸೆರಗಿನ ತುದಿ ಹಿಡಿದುಕೊಂಡು ನಿಂತೆ. ಆರಡಿಯ ಮೇಲಿನ ಆ ಹುಡುಗಿ ಎಡಗಾಲು ಎಳೆದುಕೊಂಡು ಹತ್ತಿರ ಬಂದು, ಬಗ್ಗಿ, ನನ್ನ ಹೆಗಲ ಮೇಲೆ ಗಲ್ಲ ಇಟ್ಟಳು.

"ಆದ್ರೂ ಇನ್ನೊಂದ್ಸಲ ಹೇಳಿ" ಎಂದಳು. "ಏನಂದ್ರು?"

ನಾನು ಹೇಳಿದೆ. ಎರಡನೇ ಸಲಕ್ಕೆ ಇನ್ನೂ ನಾಲ್ಕು ಮಾತು ಸೇರಿಸಿಯೇ ಹೇಳಿದೆ.